ಪಾಗಾರದಾಚೆ ಬಿದ್ದ ಬೊಮ್ಮ

ಹೊನ್ನಮ್ಮನಿಗೆ ಒಬ್ಬನೇ ಮಗ, ಬೊಮ್ಮ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಇವನನ್ನು ಕಟ್ಟಿಕೊಂಡು ಬಾಳೋದು ಹೇಗೆ ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ಗಂಡನ ಮನೆಯ ಅಣ್ಣತಮ್ಮಂದಿರು ಪಾಲಾದಾಗ ಹಿತ್ತಿಲ ನಡುವೆ ಮೋಟು ಗೋಡೆಯ ಪಾಗಾರ ಎದ್ದಿತ್ತು. ಈಚೆ ಒಂದು ಗೇರುಮರ, ಆಚೆ ಒಂದು. ಆಚೆಯದು ಓರಗಿತ್ತಿ ಮಾದೇವಿಗೆ. ಒಂದೇ ಮಣ್ಣು, ಒಂದೇ ಮಳೆ, ಆದರೂ ಮಾದೇವಿಯ ಮರ ಜೋತುಬೀಳುವಷ್ಟು ಬಿಡುತ್ತಿತ್ತು. ಹೊನ್ನಮ್ಮನದು ಬಿಟ್ಟರೆ ಬಿಟ್ಟಿತು. ಬಿಟ್ಟ ನಾಲ್ಕರಲ್ಲಿ ಮೂರು ಪಾಗಾರ ದಾಟಿದ ಕೊಂಬೆಯಲ್ಲೇ. ಆಚೆ ಬಿದ್ದದ್ದು ಆಚೆಯವರದು ಅಂತ ಪಾಲಿನ ದಿನವೇ ಮಾತಾಗಿತ್ತು.

ಮಾದೇವಿಗೆ ಮಕ್ಕಳಿಲ್ಲ. ಅವಳ ಕಣ್ಣು ಬೊಮ್ಮನ ಮೇಲೆ. ಅದು ಹೊನ್ನಮ್ಮನಿಗೆ ಕಾಣಲಿಲ್ಲ, ಇವಳ ಕಣ್ಣು ಮರದ ಮೇಲಿತ್ತಲ್ಲ.

“ಹೋಗು, ಮರದಡಿ ಬಿದ್ದದ್ದನ್ನ ಹೆಕ್ಕಿ ತಾ,” ಅಂತ ಒಂದು ದಿನ ಹೊನ್ನಮ್ಮ ಮಗನನ್ನು ಅಟ್ಟಿದಳು.

ಬೊಮ್ಮ ಬುಟ್ಟಿ ತುಂಬಿ ತಂದ. ತರಗೆಲೆ, ಕಾಗೆಪುಕ್ಕ, ಹರಿದ ಚಪ್ಪಲಿ. ತಳದಲ್ಲೊಂದು ಗೇರುಹಣ್ಣು.

“ಇದೆಂತದೋ?”

“ಬಿದ್ದದ್ದು.”

“ದಡ್ಡ ಮುಂಡೇದೇ, ಹಣ್ಣು ದನಕ್ಕೆ ಹಾಕಿ ಬೀಜ ಮಾತ್ರ ತರಬೇಕು.”

“ಹಾಗೇ ಆಗಲಿ ಅಮ್ಮ.”

ಮರುದಿನ ಹೊನ್ನಮ್ಮನ ಅಣ್ಣ ಊಟಕ್ಕೆ ಬರುವವನಿದ್ದ. ಸಂತೆಯಿಂದ ಮಾವಿನಹಣ್ಣು ತಾ ಅಂತ ಮಗನನ್ನು ಕಳಿಸಿದಳು. ಬೊಮ್ಮ ದಾರಿಯಲ್ಲಿ ಸಿಕ್ಕ ದನಕ್ಕೆ ಹಣ್ಣು ತಿನ್ನಿಸಿ, ಗೊರಟು ತೊಳೆದು ತಂದು ಮಾವನ ಎಲೆಗೆ ಬಡಿಸಿದ.

ಪಾಗಾರದಾಚೆಯಿಂದ ಮಾದೇವಿ ಕೇಳಿದಳು, “ಅಕ್ಕ, ನಿನ್ನ ಅಣ್ಣನಿಗೆ ಹಲ್ಲು ಗಟ್ಟಿ ಇದೆ ತಾನೆ?”

ಹೊನ್ನಮ್ಮ ಮಗನ ಕಿವಿ ಹಿಂಡಿದಳು. “ಇನ್ನು ಮೇಲೆ ಯಾವುದನ್ನೂ ಬಿಡಿಸಬೇಡ. ಹೇಗಿದೆಯೋ ಹಾಗೇ, ಇಡಿಯಾಗಿ ತಾ.”

“ಹಾಗೇ ಆಗಲಿ ಅಮ್ಮ.”

ವಾರ ಕಳೆಯಿತು. “ಆಚೆ ಚಾಚಿದ ನಮ್ಮ ಕೊಂಬೆಯಲ್ಲಿ ಹಣ್ಣಾಗಿದೆ ಮಗಾ. ಆಚೆ ಬಿದ್ದದ್ದು ಅವಳದು, ನೆನಪಿರಲಿ. ಬೀಳೋದರೊಳಗೆ ತಂದುಬಿಡು.”

ಬೊಮ್ಮ ಮರ ಹತ್ತಿದ. ಹಣ್ಣಿನಿಂದ ಬೀಜ ಬಿಡಿಸುವ ಹಾಗಿಲ್ಲ. ತೊಟ್ಟಿನಿಂದ ಹಣ್ಣು ಬಿಡಿಸುವ ಹಾಗಿಲ್ಲ. ಕೊಂಬೆಯಿಂದ ತೊಟ್ಟೂ ಬಿಡಿಸುವ ಹಾಗಿಲ್ಲ. ಇಡೀ ಕೊಂಬೆ ತಬ್ಬಿ ಜಗ್ಗಿದ. ಲಟಕ್. ಕೊಂಬೆ, ಹಣ್ಣು, ಬೊಮ್ಮ, ಮೂರೂ ಮಾದೇವಿಯ ಅಂಗಳಕ್ಕೆ.

ಮಾದೇವಿ ಅವನನ್ನು ಎಬ್ಬಿಸಿದಳು, ಮೈ ಒರೆಸಿದಳು, ಕೂರಿಸಿ ಅನ್ನ ಮೀನುಸಾರು ಬಡಿಸಿದಳು.

“ಬೊಮ್ಮಾ, ಮನೆಗೆ ಬಾರೋ,” ಹೊನ್ನಮ್ಮ ಕರೆದಳು.

“ಬರೋಕಾಗಲ್ಲ ಅಮ್ಮ. ಆಚೆ ಬಿದ್ದದ್ದು ಆಚೆಯವರದು. ನೀನೇ ಹೇಳಿದ್ದಲ್ವಾ?”

“ಪಾಲಿನ ಮಾತು ಅಕ್ಕ,” ಅಂದಳು ಮಾದೇವಿ, ಇನ್ನೊಂದು ತುಂಡು ಮೀನು ಹಾಕುತ್ತ. “ಬೇಕಾದರೆ ನನ್ನ ಮರದ್ದೂ ನೀನೇ ಹೆಕ್ಕಿಕೋ.”

ಅವತ್ತಿಂದ ಹೊನ್ನಮ್ಮನಿಗೆ ಮರ ಕಾಣಲಿಲ್ಲ. ಆಚೆ ಮಗ ನಗುವುದು ಕೇಳುತ್ತಿತ್ತು. ಚಿಕ್ಕಮ್ಮಾ ಇನ್ನೊಂಚೂರು ಅನ್ನುವುದು ಕೇಳುತ್ತಿತ್ತು. ಅಷ್ಟು ದೊಡ್ಡ ತುಂಡು ತಾನೆಂದೂ ಬಡಿಸಿರಲಿಲ್ಲ.

ಕೊನೆಗೆ ಪಾಗಾರದ ಹತ್ತಿರ ಬಂದು ಸೆರಗೊಡ್ಡಿದಳು. “ಬೀಜ ಎಲ್ಲ ಅವಳಿಗೇ ಇರಲಿ. ಹೋದ ಹಾಗೇ ಬಂದುಬಿಡು ಮಗಾ.”

“ಹಾಗೇ ಆಗಲಿ ಅಮ್ಮ.”

ಬೊಮ್ಮ ಚಿಕ್ಕಮ್ಮನ ಮರ ಹತ್ತಿದ, ಈಚೆಗೆ ಚಾಚಿದ ಕೊಂಬೆ ತಬ್ಬಿದ, ಜಗ್ಗಿದ. ಲಟಕ್. ಆಚೆ ಬೀಳಲಿಲ್ಲ, ಈಚೆಯೂ ಬೀಳಲಿಲ್ಲ. ಕುದುರೆ ಏರಿದ ಹಾಗೆ ಪಾಗಾರದ ಮೇಲೆ ಬಿದ್ದ. ಆಚೆಗೊಂದು ಕಾಲು, ಈಚೆಗೊಂದು ಕಾಲು.

ಇಬ್ಬರೂ ತಟ್ಟೆ ಹಿಡಿದು ಓಡಿಬಂದರು.

“ಈ ಕಾಲು ನಿಂದು ಅಮ್ಮ. ಆ ಕಾಲು ಚಿಕ್ಕಮ್ಮಂದು. ಬಾಯಿ ನಡುವೆ ಬಿದ್ದಿದೆಯಲ್ಲ, ಅದು ಯಾರದು?”

ಪಾಗಾರದ ಮೇಲೆ ಬಿದ್ದದ್ದು ಯಾರದು ಅಂತ ಪಾಲಿನ ದಿನ ಮಾತಾಗಿರಲಿಲ್ಲ. ಅದು ತೀರ್ಮಾನವಾಗುವ ತನಕ ಅಂತ ಬೊಮ್ಮ ಅಲ್ಲೇ ಕೂತಿದ್ದಾನೆ, ಎರಡೂ ಕಡೆಯಿಂದ ಊಟ ಬರುತ್ತಿದೆ.