ಅರಮನೆಯಷ್ಟಗಲದ ಇಡ್ಲಿಗೆ ಏನನ್ನಬೇಕು?

ಒಂದಾನೊಂದು ಊರಿನಲ್ಲಿ... ಅಲ್ಲ, ತಾಳಿ, ಎರಡಾನೆರಡು ಊರಿದ್ವು. ಒಂದರಲ್ಲಿ ಮೂರು ಹೊತ್ತೂ ಬರೀ ಉಪ್ಪಿಟ್ಟು ಮಾಡ್ತಿದ್ರು. ಆ ಊರಿನ ಕತೆ ನಂಗೂ ಬೇಡ, ನಿಮಗೂ ಬೇಡ. ಇನ್ನೊಂದು ಹಿಗ್ಗನೂರು. ಬೆಂಕಿ ಹತ್ರ ಸರ್ಕೊಳ್ಳಿ, ಅದನ್ನ ಹೇಳ್ತೀನಿ.

ಹಿಗ್ಗನೂರಿನ ರಾಜನ ಹೆಸರು ಉಬ್ಬರಸ. ಬೇರೆ ರಾಜರಿಗೆ ಆನೆ ಹುಚ್ಚು, ಕುದುರೆ ಹುಚ್ಚು. ಇವನಿಗೆ ಪದದ ಹುಚ್ಚು. ಅದೂ ಎಲ್ಲಾ ಪದ ಅಲ್ಲ. ದೊಡ್ಡ ದೊಡ್ಡ ವಸ್ತುಗಳಿಗೆ ಅನ್ನೋ ಪದ ಮಾತ್ರ. ಭಾರಿ, ಬೃಹತ್, ಭವ್ಯ, ಅಗಾಧ, ಅದ್ಭುತ. ಎಲ್ಲಾನೂ ಒಂದು ಹಿತ್ತಾಳೆ ಡಬ್ಬಿಗೆ ಹಾಕಿ, ಡಬ್ಬೀನ ತಲೆದಿಂಬು ಮಾಡ್ಕೊಂಡು ಮಲಗ್ತಿದ್ದ. 'ದೊಡ್ಡದು' ಅನ್ನೋ ಪದಕ್ಕೆ ಮಾತ್ರ ಒಳಗೆ ಜಾಗ ಇಲ್ಲ.

"ಅದನ್ನ ದಾರೀಲಿ ಹೋಗೋರೆಲ್ಲ ಅಂತಾರೆ. ಥೂ," ಅಂತಿದ್ದ.

ಈ ಪದಗಳನ್ನ ಹೆಂಗೆ ಕೊಂಡ ಗೊತ್ತಾ? ಅಕ್ಕಿ ಕೊಟ್ಟು. ಒಂದು 'ಅಗಾಧ'ಕ್ಕೆ ಇಡೀ ಉಗ್ರಾಣ ಖಾಲಿ. ಉಳಿದಿದ್ದು ಒಂದು ಮೂಟೆ ಅಕ್ಕಿ, ಒಂದು ಹಿಡಿ ಉದ್ದು. ಊರೆಲ್ಲ ಹೊಟ್ಟೆ ಹಿಡ್ಕೊಂಡು ಅರಮನೆ ಮುಂದೆ ಕೂತಿತು.

ರಾಜ ಅಡುಗೆಯ ಸಣ್ಣೀರಮ್ಮನ್ನ ಕರೆಸಿದ. ಹೆಸರು ಸಣ್ಣೀರಮ್ಮ, ಬಾಯಿ ಊರಗಲ.

"ನಾಳೆ ಊರಿಗೆಲ್ಲ ಇಡ್ಲಿ ಆಗ್ಬೇಕು."

"ಒಂದು ಹಿಡಿ ಉದ್ದಿಗಾ? ನಿಮ್ಮ ತಲೆ!"

"ಆಗ್ಲಿಲ್ಲ ಅಂದ್ರೆ ನಿನ್ನ ಉಪ್ಪಿಟ್ಟಿನೂರಿಗೆ ಅಟ್ಟಿಬಿಡ್ತೀನಿ. ಜೀವ ಇರೋತನಕ ಉಪ್ಪಿಟ್ಟು."

ಸಣ್ಣೀರಮ್ಮ ಓಡಿಹೋಗಿ ಹಿಟ್ಟು ರುಬ್ಬಿದ್ಳು. ಹಿಗ್ಗನೂರಿನ ವಸ್ತುಗಳಿಗೆ ಒಂದು ಚಾಳಿ ಇತ್ತು. ಅವನ್ನ ನಾವು ಏನಂತ ಕರೆದ್ರೆ ಹಂಗೇ ಆಗಿಬಿಡೋವು. ಅದಕ್ಕೇ ಇವಳು ಹಿಟ್ಟಿನ ಪಾತ್ರೆ ಮುಂದೆ ಕೂತು ಹೊಗಳೋಕೆ ಶುರು ಮಾಡಿದ್ಳು.

"ನನ್ ಬಂಗಾರ, ನಿನ್ನಂಥ ಹಿಟ್ಟು ಮೂರು ಲೋಕದಲ್ಲಿಲ್ಲ."

ಹಿಟ್ಟು ಒಂದು ಗೇಣು ಉಬ್ಬಿತು.

"ಉಬ್ಬಿದ್ರೆ ನೀನೇ ಉಬ್ಬಬೇಕು ಕಣೋ, ಬೇರೆಯೋರಿಗೆಲ್ಲಿ ಬರುತ್ತೆ!"

ಹಿಟ್ಟು ಬಾಗಿಲು ದಾಟಿತು. ಪಾತ್ರೆ ಸಾಲ್ದೆ ಅರಮನೆ ಕಲ್ಯಾಣಿಗೆ ಸುರಿದು, ಸುತ್ತ ಬೆಂಕಿ ಹಾಕಿದ್ರು. ಮುಚ್ಚಳಕ್ಕೆ ಅರಮನೆ ಗುಮ್ಮಟಾನೇ ಕಿತ್ತು ಬೋರಲು ಹಾಕಿದ್ರು. ಬೆಳಗಾಗೋ ಹೊತ್ತಿಗೆ ಗುಮ್ಮಟ ಟಪ್ಪಂತ ಹಾರಿ, ಒಳಗಿಂದ ಒಂದು ಇಡ್ಲಿ ಎದ್ದು ಬಂದು ಅಂಗಳದಲ್ಲಿ ಕೂತಿತು. ಅರಮನೆಯಷ್ಟಗಲ. ಹಬೆ ಆಡ್ತಿತ್ತು.

"ಏನ್ ಹಂಗೆ ನೋಡ್ತೀರಾ? ಇಡ್ಲಿ ನೋಡಿಲ್ವಾ?" ಅಂತು.

ಜನ ಕೈ ತೊಳ್ಕೊಂಡು ನುಗ್ಗಿದ್ರು. ರಾಜ ಅಡ್ಡ ನಿಂತ.

"ನಿಲ್ಲಿ! ಇದಕ್ಕೆ ಸರಿಯಾದ ಪದ ಅನ್ನೋತನಕ ಯಾರೂ ಮುಟ್ಟಂಗಿಲ್ಲ."

"ಹೌದು ಮತ್ತೆ," ಅಂತು ಇಡ್ಲಿ. ಹೊಗಳಿಕೇಲೇ ಹುಟ್ಟಿದ್ದಲ್ವಾ, ಜಂಬ ಜಾಸ್ತಿ. "ನಂಗೆ ಹಿಡಿಸೋ ಪದ ಬರ್ಲಿ. ಆಮೇಲೆ ಮುರೀರಿ."

"ಬೇಗ ಅನ್ರಪ್ಪಾ!" ಅಂತ ಸಣ್ಣೀರಮ್ಮ ಬಾಯಿ ಬಡ್ಕೊಂಡ್ಳು. "ಬಿಸಿಲು ನೆತ್ತಿಗೆ ಬಂದ್ರೆ ಇದು ಆರಿ ಕಲ್ಲಾಗುತ್ತೆ. ಕಲ್ಲಾದ್ರೆ ನನ್ ಗತಿ ಉಪ್ಪಿಟ್ಟು!"

ಆಸ್ಥಾನದ ಪಂಡಿತ ನಂಜುಂಡಾವಧಾನಿ ಡಬ್ಬಿ ತೆರೆದ. ಮೊದಲು ಕೈಗೆ ಸಿಕ್ಕಿದ್ದು 'ಭಾರಿ'.

"ಭಾರಿ ಇಡ್ಲಿ!"

ಅಂದಿದ್ದೇ ತಡ, ಇಡ್ಲಿಗೆ ತೂಕ ಬಂತು. ಧಡ್ ಅಂತ ಅಂಗಳ ಕುಸಿದು ಇಡ್ಲಿ ಅರ್ಧ ನೆಲದೊಳಗೆ ಇಳೀತು.

"ನಾನೇನು ಬಂಡೆಯಾ? ಬೇರೆ ತೆಗಿ," ಅಂತು ಇಡ್ಲಿ.

"ಬೃಹತ್ ಇಡ್ಲಿ!"

ಎಲ್ಲಿತ್ತೋ ಏನೋ, ಶಾಮಿಯಾನ ಬಂತು. ಸಾಲು ಸಾಲು ಕುರ್ಚಿ ಬಂತು. ಮೈಕ್ ಬಂತು. ಮೈಕ್ ಹಿಂದೆ ಬಿಳಿ ಪಂಚೆಯ ಒಬ್ಬ ಬಂದು "ವೇದಿಕೆ ಮೇಲಿರುವ ಗಣ್ಯರೇ" ಅಂತ ಶುರು ಹಚ್ಕೊಂಡ. ಅವನನ್ನ ಯಾರೂ ಕರೆದಿರ್ಲಿಲ್ಲ. 'ಬೃಹತ್' ಅಂದ ಕಡೆಯೆಲ್ಲ ಅವನು ಬರ್ತಾನೆ.

"ಭವ್ಯ ಅಂದು ನೋಡೋ," ಅಂದ ರಾಜ.

ಅಂದ್ರು. ಇಡ್ಲಿಗೆ ಕಂಬ ಬಂತು, ಮೆಟ್ಟಿಲು ಬಂತು. ಜನ ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹಾಕೋಕೆ ಶುರು ಮಾಡಿದ್ರು.

"ಅಯ್ಯೋ ಮುಠ್ಠಾಳರಾ, ಕೈ ಮುಗೀಬೇಡಿ, ಬಾಯಿ ತೆರೀರಿ!" ಅಂದ್ಳು ಸಣ್ಣೀರಮ್ಮ. ಬಿಸಿಲು ಏರ್ತಿತ್ತು. ಇಡ್ಲಿ ಅಂಚು ಒಣಗ್ತಿತ್ತು.

ಪಂಡಿತ ಗಾಬರಿಯಲ್ಲಿ ಡಬ್ಬೀಲಿದ್ದ ಅತಿ ದುಬಾರಿ ಪದ ತೆಗೆದ.

"ಅಗಾಧ ಇಡ್ಲಿ!"

ಇಡ್ಲಿ ನಡುವಲ್ಲಿ ಆಳವಾದ ಗುಂಡಿ ಬಿತ್ತು. ಇಡ್ಲಿ ಒಂದ್ಸಲ ಬಗ್ಗಿ ತನ್ನನ್ನ ತಾನೇ ನೋಡ್ಕೊಂಡು ಹೋ ಅಂತ ಅಳೋಕೆ ಶುರು ಮಾಡ್ತು.

"ತೂತು! ನಂಗೆ ತೂತು! ನನ್ನನ್ನ ವಡೆ ಮಾಡಿಬಿಟ್ರಲ್ಲೋ ಪಾಪಿಗಳಾ!"

ಇಡ್ಲಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ, ನಿಮಗೇ ಗೊತ್ತು. ಸಾಲದ್ದಕ್ಕೆ ಊರಿನ ತಮಟೆಯೋನು ಸಮಾಧಾನ ಮಾಡೋಕೆ ಹೋಗಿ, "ಅಳಬ್ಯಾಡಪ್ಪಾ, ಭಯಂಕರವಾಗಿದ್ದೀಯ," ಅಂದುಬಿಟ್ಟ. ಇಡ್ಲಿಗೆ ಮೀಸೆ ಬಂತು. ಹುರಿ ಮೀಸೆ. ಊರಿನ ನಾಯಿಗಳೆಲ್ಲ ಬಾಲ ಮಡಚ್ಕೊಂಡು ಓಡಿದ್ವು.

ಡಬ್ಬೀಲಿ ಉಳಿದಿದ್ದು ಒಂದೇ. ರಾಜ ತಾನೇ ಎದ್ದು, ಗಂಟಲು ಸರಿಮಾಡ್ಕೊಂಡು ಕೂಗಿದ.

"ಅದ್ಭುತ!"

ಅಷ್ಟೇ. ಊರಿಗೂರೇ ಬಾಯಿ ತೆರೀತು. ರಾಜನ ಬಾಯಿ, ಪಂಡಿತನ ಬಾಯಿ, ತಮಟೆಯೋನ ಬಾಯಿ, ಎಲ್ಲಾ ಆ ಅಂತ ತೆರೆದಿದ್ದು ಮುಚ್ಚಲೇ ಇಲ್ಲ. ಮುಚ್ಚದ ಬಾಯಲ್ಲಿ ಅಗಿಯೋದು ಹೆಂಗೆ? ಬಾಯಿ ತೆರೀದೆ ಉಳಿದೋಳು ಸಣ್ಣೀರಮ್ಮ ಒಬ್ಳೇ. ಹಿಡಿ ಉದ್ದು ಇದ್ದಾಗಿಂದ ಅದನ್ನ ನೋಡಿದೋಳಿಗೆ ಎಂಥ ಅದ್ಭುತ?

ಬಿಸಿಲು ನೆತ್ತಿಗೆ ಬಂತು. ಇಡ್ಲಿ ಕಟಕಟ ಅಂತ ಗಟ್ಟಿಯಾಗ್ತಿತ್ತು. ಪದ ಖಾಲಿ. ಅನ್ನೋಕೆ ಬಾಯೂ ಇಲ್ಲ. ಸಣ್ಣೀರಮ್ಮ ಸೌಟು ಸೆರಗಿಗೆ ಸಿಕ್ಕಿಸ್ಕೊಂಡು ಉಪ್ಪಿಟ್ಟಿನೂರಿನ ಕಡೆ ಹೊರಟ್ಳು. ಹೋಗೋ ಮುಂಚೆ ಇಡ್ಲಿ ಹತ್ರ ಬಂದು, ದಿನಾ ಎಲ್ಲಾ ಇಡ್ಲಿಗೂ ಮಾಡೋ ಹಂಗೆ, ಒಂದು ಬೆರಳು ಒತ್ತಿದ್ಳು. ಬೆರಳೇ ನೋಯ್ತು.

"ಬರ್ತೀನಿ ಕಣೋ," ಅಂದ್ಳು. ಮೂಗು ಸೊರ್ ಅಂತು. "ಬೆಳಗ್ಗೆ ಎಷ್ಟು ಮೆತ್ತಗಿದ್ದೆ ನೀನು."

ಇಡ್ಲಿ ಅಳು ನಿಲ್ಲಿಸ್ತು.

"ಏನಂದೆ?"

"ಏನಿಲ್ಲ ಬಿಡು."

"ಇಲ್ಲ, ಏನೋ ಅಂದೆ. ಇನ್ನೊಂದ್ಸಲ ಅನ್ನು."

"ಮೆತ್ತಗೆ ಅಂದೆ."

"ಬೆಳಗ್ಗೆಯಿಂದ ಎಲ್ರೂ ನಾನು ಎಷ್ಟಿದ್ದೀನಿ ಅಂತಾನೇ ಕೂಗ್ತಾವ್ರೆ," ಅಂತು ಇಡ್ಲಿ. ಮೀಸೆ ನಡುಗ್ತಿತ್ತು. "ಹೆಂಗಿದ್ದೀನಿ ಅಂತ ಒಬ್ರೂ ಮುಟ್ಟಿ ನೋಡ್ಲಿಲ್ಲ. ಅನ್ನು ಅಕ್ಕಾ, ಇನ್ನೊಂದ್ಸಲ."

ಸಣ್ಣೀರಮ್ಮ ಸೊಂಟಕ್ಕೆ ಕೈ ಕೊಟ್ಟು, ಊರಗಲದ ಬಾಯಿ ಬಿಟ್ಟು ಕೂಗಿದ್ಳು. "ಮೆತ್ತಗಿದ್ದೀಯ! ಮಲ್ಲಿಗೆ ಹಂಗೆ ಮೆತ್ತಗಿದ್ದೀಯ ಕಣೋ!"

ಆ ಊರಿನ ಚಾಳಿ ಗೊತ್ತಲ್ಲ. ಕಲ್ಲಾಗ್ತಿದ್ದ ಇಡ್ಲಿ ಹೂವಾಯ್ತು. ಕಂಬ ಮೆತ್ತಗಾಯ್ತು, ಮೆಟ್ಟಿಲು ಮೆತ್ತಗಾಯ್ತು.

"ಮುರ್ಕೊಳ್ರೋ, ಯಾಕೆ ನಿಂತಿದ್ದೀರಾ?" ಅಂತು ಇಡ್ಲಿ.

ಆಮೇಲೆ ಕೇಳ್ಬೇಕಾ? ಜನ ಕುರ್ಚಿ ಎಳ್ಕೊಂಡು ಕೂತ್ರು. ನೆಲದೊಳಗೆ ಇಳಿದಿದ್ದಕ್ಕೆ ಇಡ್ಲಿ ಮುದುಕಿಯರ ಕೈಗೂ ಎಟುಕ್ತು. ಗುಂಡಿ ತುಂಬ ಸಣ್ಣೀರಮ್ಮ ಕಾಯಿಚಟ್ನಿ ಸುರಿದ್ಳು. ಬಾಯಿ ಹೆಂಗೂ ತೆರೆದೇ ಇತ್ತು. ಹೂವಿನಂಥ ಇಡ್ಲಿ ಅಗಿಯೋದೇ ಬೇಡ, ಹಂಗೇ ಜಾರ್ತಿತ್ತು. ಹೊಟ್ಟೆ ತುಂಬಿದ್ಮೇಲೆ ಬಾಯಿ ತಾನಾಗೇ ಮುಚ್ಕೊಂತು. ಮೀಸೆ ಮಾತ್ರ ಯಾರೂ ತಿನ್ಲಿಲ್ಲ. ರಾಜ ಇಟ್ಕೊಂಡ, ಅವನಿಗೆ ಇರ್ಲಿಲ್ಲ. ಬಿಳಿ ಪಂಚೆಯೋನು ಇನ್ನೂ ಗಣ್ಯರ ಹೆಸರು ಓದ್ತಾನೇ ಇದ್ದ.

ಮಾರನೇ ದಿನ ಉಬ್ಬರಸ ಹಿತ್ತಾಳೆ ಡಬ್ಬಿ ಹೊತ್ಕೊಂಡು ಉಪ್ಪಿಟ್ಟಿನೂರಿಗೆ ಹೋಗಿ, ಪದ ಎಲ್ಲಾ ಕೊಟ್ಟು ಗಾಡಿಗಟ್ಟಲೆ ಉದ್ದು, ಅಕ್ಕಿ ತಂದ. ಖಾಲಿ ಡಬ್ಬೀಲಿ ಸಣ್ಣೀರಮ್ಮ ಹಿಂಗು ಹಾಕಿಟ್ಳು. ಆ ಉಪ್ಪಿಟ್ಟಿನೂರಿನೋರು ಖುಷಿಯಾಗಿ ತಮ್ಮ ಉಪ್ಪಿಟ್ಟಿಗೆ 'ಅದ್ಭುತ' ಅಂದ್ರು. ಅವರ ಬಾಯಿ ಇವತ್ತಿಗೂ ತೆರೆದೇ ಇದೆ. ಉಪ್ಪಿಟ್ಟು ಅಗೀದೆ ಇಳಿಯೋದಿಲ್ವಲ್ಲ.

ನೀತಿ ಬೇಕಾ? ತಗೊಳ್ಳಿ. ಯಾರನ್ನಾದ್ರೂ ಹೊಗಳೋ ಮುಂಚೆ ಒಂದು ಬೆರಳು ಒತ್ತಿ ನೋಡಿ. ಅವರು ತಿರುಗಿ ಬಾರಿಸಿದ್ರೆ ನನ್ ಹೆಸರು ಹೇಳ್ಬೇಡಿ.

ಕತೆ ಮುಗೀತು, ಚಟ್ನಿ ಉಳೀತು. ಎಚ್ಚರ ಇದ್ದೋರಿಗೆ ಇಡ್ಲಿ, ತೂಕಡಿಸಿದೋರಿಗೆ ಉಪ್ಪಿಟ್ಟು.