ಆಷಾಢದಲ್ಲಿ ಕಡಲೆ ಹುಳಿ

ಕರಿನೆಲದ ಸೀಮೆಯನ್ನಾಳುತ್ತಿದ್ದ ಬೊಮ್ಮರಸನಿಗೆ ಶತ್ರುಗಳಿಗಿಂತ ಹೋಳಿಗೆಯ ಕಾಟವೇ ಹೆಚ್ಚು. ತಿಂದರೆ ಹೊಟ್ಟೆ ಉಬ್ಬುತ್ತಿತ್ತು, ಬಿಡಲು ಮನಸ್ಸಿರಲಿಲ್ಲ. ಅದಕ್ಕೆ ಮದ್ದು ಒಂದೇ, ಕಡಲೆ ಹುಳಿ. ಮಾಗಿಯ ನಸುಕಿನಲ್ಲಿ ಆಸ್ಥಾನದ ಸೇವಕ ಬಾಚಣ್ಣ ಹೊಲಕ್ಕೆ ಹೋಗಿ, ಇಬ್ಬನಿ ಹಿಡಿದ ಕಡಲೆ ಗಿಡಗಳ ಮೇಲೆ ಬಿಳಿ ಪಂಚೆ ಹಾಸಿ, ಒದ್ದೆಯಾದ ಮೇಲೆ ಹಿಂಡಿ ತರುತ್ತಿದ್ದ. ಎಲೆಯ ನವಿರು ರೋಮಗಳಿಂದ ಒಸರಿದ ಆ ಹುಳಿ ಒಂದು ಗುಟುಕು ಇಳಿದರೆ ಸಾಕು, ದೊರೆ ಮತ್ತೆ ಊಟದೆಲೆಯ ಮುಂದೆ ಹಾಜರ್.

ಆ ವರ್ಷ ಆಷಾಢದಲ್ಲೇ ಹುಳಿ ತುಂಬಿಟ್ಟಿದ್ದ ಭರಣಿ ಬರಿದಾಯಿತು. ಹೊಟ್ಟೆ ಹಿಡಿದು ಕೂತ ದೊರೆಯ ಕಿವಿಗೆ ರಾಣಿಯ ತಮ್ಮ ಸೋವಿದೇವ ಬಾಯಿ ಹಚ್ಚಿದ. ಚೆನ್ನಾಗಿದ್ದವರನ್ನು ಕೆಡಿಸುವುದೇ ಅವನ ಕಸುಬು. ಅಡುಗೆಯವನ ಮೇಲೆ ರಾಣಿಯನ್ನು ಎತ್ತಿಕಟ್ಟಿದ್ದ, ರಾಣಿಯ ಮೇಲೆ ದೊರೆಯನ್ನು. ಈಗ ಬಾಚಣ್ಣನ ಸರದಿ.

"ಹುಳಿ ಇದೆ ಭಾವ, ಬಾಚಣ್ಣ ಬಚ್ಚಿಟ್ಟಿದ್ದಾನೆ. ನಿಮ್ಮ ಹೊಟ್ಟೆ ತನ್ನ ಮುಷ್ಟಿಯಲ್ಲಿರಲಿ ಅಂತ!"

ಬಾಚಣ್ಣನಿಗೆ ಕರೆ ಹೋಯಿತು.

"ಪ್ರಭು, ಕಡಲೆ ಚಳಿಗಾಲದ ಬೆಳೆ. ಎಳೆಯ ಗಿಡದಲ್ಲಿ ಹುಳಿ ಸಪ್ಪೆ. ಹೂಬಿಟ್ಟು ಕಾಯಿ ಕಟ್ಟುವಾಗ ನಾಲಿಗೆ ಚುರುಗುಟ್ಟುತ್ತೆ. ಈಗ ಹೊಲದಲ್ಲಿ ಕಡಲೆಯೇ ಇಲ್ಲ."

ಸೋವಿದೇವ ಇದಕ್ಕೇ ಕಾದಿದ್ದ. ಹಿತ್ತಿಲಲ್ಲಿ ತಾನೇ ಬೆಳೆಸಿದ್ದ ಕಡಲೆ ಕುಂಡವೊಂದನ್ನು ತರಿಸಿ ಮುಂದಿಟ್ಟ.

ಬಾಚಣ್ಣ ಒಂದೆಲೆ ನೆಕ್ಕಿದ. "ಹೂವೇ ಬಂದಿಲ್ಲ ಪ್ರಭು. ಬಂದ ಚೂರುಪಾರು ಹುಳಿಯನ್ನೂ ಮಳೆ ತೊಳೆದುಬಿಟ್ಟಿದೆ."

"ಗಿಡ ಇದೆ, ಎಲೆ ಇದೆ, ರೋಮವೂ ಇದೆ. ಹುಳಿ ಮಾತ್ರ ತವರಿಗೆ ಹೋಯಿತೋ?" ಎಂದ ಸೋವಿದೇವ.

ದೊರೆಗೆ ಹೊಟ್ಟೆಯೂ ಉರಿಯಿತು, ತಲೆಯೂ ಕಾಯಿತು. "ನಾಳೆ ಈ ಸಭೆಯಲ್ಲೇ ಹುಳಿ ಹಿಂಡಿ ತೋರಿಸು. ಆಗದಿದ್ದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗಡಿ ದಾಟು!"

"ಈ ಗಿಡದಿಂದಲೇ ಹಿಂಡಬೇಕೋ ಪ್ರಭು?"

"ಯಾವುದರಿಂದಾದರೂ ಹಿಂಡು, ಹೋಗು!"

ಹುಟ್ಟಿದ ಊರು ಬಿಡುವುದೆಂದರೆ ಬಾಚಣ್ಣನಿಗೆ ನಿಜಕ್ಕೂ ಭಯ. ಮನೆಗೆ ಬಂದರೆ ಸುದ್ದಿ ಕೇಳಿದ ಹೆಂಡತಿ ನೀಲವ್ವ ಆಗಲೇ ಪಾತ್ರೆ ಗಂಟು ಕಟ್ಟುತ್ತಿದ್ದಳು.

"ಆ ಸೋವಿದೇವ ಇನ್ನೆಷ್ಟು ಮನೆಗೆ ಹುಳಿ ಹಿಂಡ್ತಾನೋ!" ಎಂದು ಅವಳು ಕಣ್ಣೊರೆಸಿಕೊಂಡಳು.

ಬಾಚಣ್ಣ ಅಲ್ಲೇ ನಿಂತ. ಆಮೇಲೆ ನಕ್ಕ. "ಗಂಟು ಬಿಚ್ಚೇ ನೀಲಿ. ನನ್ನ ಬಿಳಿ ಪಂಚೆ ಎಲ್ಲಿ?"

ಮರುದಿನ ಸಭೆ ತುಂಬಿತ್ತು. ಬಾಚಣ್ಣ ಪಂಚೆಯನ್ನು ನೀರಲ್ಲದ್ದಿ ತಂದ. ಕುಂಡದ ಕಡೆ ತಿರುಗಿಯೂ ನೋಡದೆ ನೇರ ಸೋವಿದೇವನ ಬಳಿ ಹೋದ. ಅವನ ಪೇಟ, ಮೀಸೆ, ಹೆಗಲು ಎಲ್ಲ ಮುಚ್ಚುವಂತೆ ಪಂಚೆ ಹೊದಿಸಿ ನೀಟಾಗಿ ಒತ್ತಿದ.

"ಏಯ್! ಏನೋ ಇದು?" ಒಳಗಿನಿಂದ ಸೋವಿದೇವ ಚೀರಿದ.

"ಅಲ್ಲಾಡಬೇಡಿ ಸ್ವಾಮಿ, ಇಬ್ಬನಿ ಉದುರುತ್ತೆ."

ದೊರೆ ಎದ್ದು ನಿಂತ. "ಬಾಚಣ್ಣ! ನಾನು ಕೇಳಿದ್ದು ಹುಳಿ!"

ಬಾಚಣ್ಣ ಪಂಚೆಯ ತುದಿ ಹಿಡಿದು ತಲೆ ಬಾಗಿಸಿದ. "ಅದಕ್ಕೇ ಪ್ರಭು. ಕಡಲೆ ಗಿಡಕ್ಕೆ ಇಬ್ಬನಿ ಬೇಕು, ಹೂವು ಬೇಕು, ಮಾಗಿಯೇ ಬರಬೇಕು. ಮಳೆ ಬಿಸಿಲು ನೋಡದೆ ವರ್ಷವಿಡೀ ಹುಳಿ ಹಿಂಡುವವರು ಈ ಅರಮನೆಯಲ್ಲಿ ಇವರೊಬ್ಬರೇ!"

ತೆರೆಯ ಹಿಂದೆ ಮೊದಲು ನಕ್ಕವಳು ರಾಣಿ. ಆಮೇಲೆ ಅಡುಗೆಯವನು, ಆಮೇಲೆ ಇಡೀ ಸಭೆ. ದೊರೆ ನಗುತ್ತಾ ನಗುತ್ತಾ ಒಂದು ದೊಡ್ಡ ತೇಗು ತೇಗಿದ. ಹೊಟ್ಟೆ ಹಗುರಾಯಿತು.

"ಮದ್ದು ಹತ್ತಿತು ಕಣೋ ಬಾಚಣ್ಣ! ನೀನು ಇಲ್ಲೇ ಇರು. ಭಾವಮೈದ, ಗಡಿ ದಾಟುವವನು ನೀನು. ಯಾರಲ್ಲಿ, ಹೋಳಿಗೆ ತನ್ನಿ!"