ಚೌಕಾಶಿ ಮಾಡದ ಗಿರಾಕಿ

ಗದಗ ಪೇಟೆಯಲ್ಲಿ ಮಹಬೂಬಸಾಹೇಬ ಎಂಬ ಬಂದೂಕು ವ್ಯಾಪಾರಿ ಇದ್ದರು. ಹಳೆಯ ಆಯುಧಕ್ಕೆ ಬೆಲೆ ಕಟ್ಟುವುದರಲ್ಲಿ ಅವರದೇ ಕೊನೆಯ ಮಾತು. ನಳಿಗೆಯ ಸವೆತ ನೋಡುವರು, ಸ್ಪ್ರಿಂಗಿನ ಬಿಗಿ ನೋಡುವರು, ಆಮೇಲೆ ಬೆಲೆ ಹೇಳುವರು. ಕೊಟ್ಟವನೂ ಕೊಂಡವನೂ ಒಪ್ಪುತ್ತಿದ್ದರು.

ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಪಿಸ್ತೂಲನ್ನು ಮಾರಿಕೊಡಿ ಎಂದು ಅವರ ಬಳಿ ಇಟ್ಟಿದ್ದರು. ಅರವತ್ತು ಸಾವಿರ ಬಂದರೆ ನ್ಯಾಯ ಎಂದು ಸಾಹೇಬರು ಅಂದಾಜು ಮಾಡಿದ್ದರು. ಬಹಳ ದಿನವಾದರೂ ಅದನ್ನು ಕೇಳುವವರಿರಲಿಲ್ಲ.

ಒಂದು ಮಧ್ಯಾಹ್ನ ಚನ್ನವೀರಗೌಡ ಎಂಬ ಹತ್ತಿ ವ್ಯಾಪಾರಿ ಅಂಗಡಿಗೆ ಬಂದ. ಪರವಾನಗಿ ತೋರಿಸಿದ. ಕಾಗದವೆಲ್ಲ ಸರಿಯಾಗಿತ್ತು.

"ಎಷ್ಟ್ರಿ ಇದು?"

ಗಿರಾಕಿ ಹೇಗೂ ಇಳಿಸಿ ಕೇಳುತ್ತಾನೆಂದು ಸಾಹೇಬರು, "ಎಂಬತ್ತು ಸಾವಿರ" ಅಂದರು.

"ಆತು, ಕೊಡ್ರಿ."

ಗೌಡ ಆಗಲೇ ನೋಟಿನ ಕಟ್ಟು ಮೇಜಿನ ಮೇಲಿಟ್ಟಿದ್ದ. ಸಾಹೇಬರಿಗೆ ಮೊದಲು ಖುಷಿಯಾಯಿತು. ಮರುಕ್ಷಣವೇ ಸಂಶಯ ಬಂತು. ಈ ಮನುಷ್ಯ ಪಿಸ್ತೂಲನ್ನು ಕೈಯಲ್ಲಿ ಹಿಡಿದೂ ನೋಡಿರಲಿಲ್ಲ. ಅವನ ಕಣ್ಣು ರಸ್ತೆಯ ಕಡೆಗೇ ಇತ್ತು.

"ಗೌಡ್ರ, ಹಳೇ ಎಮ್ಮಿ ಕೊಳ್ಳಾವ್ರೂ ಹಲ್ಲು ಎಣಸ್ತಾರ. ನೀವು ಇದನ್ನ ಮುಟ್ಟಿ ಸೈತ ನೋಡಲಿಲ್ಲ."

"ನೋಡೂದೇನೈತಿ? ಒಂದು ಸಲ ಕೆಲಸಾ ಮಾಡಿದ್ರ ಸಾಕು."

ಸಾಹೇಬರು ಪಿಸ್ತೂಲನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಯಾರ ಮ್ಯಾಲೆ ಸಿಟ್ಟು?" ಎಂದು ಕೇಳಿದರು.

ಗೌಡ ಕೆನ್ನೆ ಸವರಿಕೊಂಡ. ಆಮೇಲೆ ಹೇಳಿದ: "ಮಗಳ ನಿಶ್ಚಿತಾರ್ಥದಾಗ, ಬೀಗರ ಮುಂದ, ನನ್ನ ತಮ್ಮ ನನ್ನ ಕಪಾಳಕ್ಕ ಹೊಡದ. ನಿನ್ನೆ."

ಸಾಹೇಬರು ಪಿಸ್ತೂಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹಣವನ್ನು ಹಿಂದಕ್ಕೆ ಸರಿಸಿದರು.

"ನೀವು ಕೊಡದಿದ್ರ ಹುಬ್ಬಳ್ಳಿಯೊಳಗ ಸಿಗ್ತದ," ಎಂದು ಗೌಡ ಎದ್ದ.

ಅದು ನಿಜವೇ ಆಗಿತ್ತು. ಮಾರಲಿಲ್ಲ ಎಂದು ಕೈ ತೊಳೆದುಕೊಂಡರೆ ಸಾಲದು ಎಂದು ಸಾಹೇಬರಿಗೆ ಹೊಳೆಯಿತು. ಅವನ ಎದುರೇ ಇವನಿಗೆ ಮಾರಬೇಡಿ ಎಂದು ಪರಿಚಯದ ಬಂದೂಕು ಅಂಗಡಿಗಳಿಗೆ ಫೋನ್ ಮಾಡಿದರು. ಆಮೇಲೆ ಪೊಲೀಸ್ ಠಾಣೆಗೂ ಮಾಡಿದರು.

"ನನ್ನ ಮರ್ಯಾದಿ ಊರ ತುಂಬ ಕಳದ್ರಿ. ನಿಮ್ಮನ್ನೂ ನೋಡ್ಕೋತೀನಿ," ಎಂದು ಹೇಳಿ ಗೌಡ ಹೊರಟುಹೋದ.

ಪೊಲೀಸರು ಅವನನ್ನು ಕರೆಸಿ ಪರವಾನಗಿ ತಡೆಹಿಡಿದರು. ಆದರೂ ಸಾಹೇಬರಿಗೆ ನೆಮ್ಮದಿ ಇರಲಿಲ್ಲ. ಕೊಡಲಿಗೆ ಪರವಾನಗಿ ಬೇಕೇ? ಅಂಗಡಿಯ ಮುಂದೆ ಜೀಪು ನಿಂತರೆ ಬೆಚ್ಚುತ್ತಿದ್ದರು. ಪತ್ರಿಕೆ ಬಿಡಿಸುವಾಗ ಗೌಡನ ಊರಿನ ಹೆಸರು ಕಾಣದಿರಲಿ ಎಂದುಕೊಳ್ಳುತ್ತಿದ್ದರು. ಒಂದು ಮಾತಿಗೆ ಮನುಷ್ಯನ ಮಾನ ಕಳೆದೆನೇನೋ ಎಂಬ ಸಂಶಯವೂ ಕಾಡುತ್ತಿತ್ತು.

ಈ ನಡುವೆ ಪಿಸ್ತೂಲಿಗೆ ಬೇರೆ ಗಿರಾಕಿ ಬಂದ. ನಳಿಗೆ ಇಣುಕಿದ, ಹಿಡಿಯ ಗೀರು ತೋರಿಸಿದ, ಗೊಣಗಿದ, ಐವತ್ತೈದಕ್ಕೆ ಇಳಿಸಿದ. ಅಷ್ಟು ಹೊತ್ತು ಜಗ್ಗಾಡಿದವನಿಗೆ ಸಾಹೇಬರು ಚಹಾ ತರಿಸಿಕೊಟ್ಟು ಮಾರಿದರು. ಕಡಿಮೆಯಾದ ಐದು ಸಾವಿರವನ್ನು ಅಧಿಕಾರಿಗೆ ತಾವೇ ತುಂಬಿಕೊಟ್ಟರು.

ಕೆಲವು ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದು, "ನಾನು ಚನ್ನವೀರಗೌಡರ ಹೆಂಡತಿ," ಅಂದಳು. ಸಾಹೇಬರು ಗಾಬರಿಯಿಂದ ಎದ್ದು ನಿಂತರು. ಅವಳು ಮಗಳ ಲಗ್ನಪತ್ರಿಕೆ ಮುಂದಿಟ್ಟಳು.

"ಅಣ್ಣ ತಮ್ಮ ಮಾತಾಡ್ತಾರೇನವ್ವ?" ಎಂದು ಸಾಹೇಬರು ಅಳುಕುತ್ತ ಕೇಳಿದರು.

"ಇಲ್ಲರಿ, ಇನ್ನೂ ಮಾತಿಲ್ಲ," ಅಂದಳು ಆಕೆ. "ಆದ್ರ ಇಬ್ಬರೂ ಜೀವಂತ ಅದಾರ."

ನೀತಿ: ವಸ್ತುವಿಗೆ ನ್ಯಾಯವಾದ ಬೆಲೆ ಕಟ್ಟುವವನು ಅದು ಯಾರ ಕೈಗೆ, ಯಾವ ಮನಸ್ಸಿಗೆ ಹೋಗುತ್ತಿದೆ ಎಂಬುದನ್ನೂ ತೂಗಬೇಕು. ಕೇಡು ಕಂಡಮೇಲೆ ಮಾರದೆ ಸುಮ್ಮನಿದ್ದರೆ ಸಾಲದು, ಅದನ್ನು ತಡೆಯಲೂ ಬೇಕು.